ಸಾಲಿಮಠದ ಪಾಠಕ್ರಮವೂ ವಚನಾಧ್ಯಯನವೂ

ಗುರು, ಲಿಂಗ, ಜಂಗಮ ಎಂದು ಅಷ್ಟಾವರಣಗಳನ್ನು ಎಣಿಸುವಾಗ ಗುರುವಿನ ಹೆಸರೇ ಮೊದಲು ಬರುತ್ತದೆ. ಆ ಗುರುತತ್ತ್ವವನ್ನು ಹಿರಿಯರು ದೀಕ್ಷಾಗುರು, ಶಿಕ್ಷಾಗುರು, ಮೋಕ್ಷಗುರು ಎಂದು ಮೂರಾಗಿ ವಿಂಗಡಿಸಿ ಹೇಳಿದ್ದಾರೆ. ದೀಕ್ಷಾಗುರುವಿನ ಮಹಿಮೆಯನ್ನು ಕುರಿತು ಪ್ರವಚನಗಳು ಹೇರಳವಾಗಿ ನಡೆಯುತ್ತವೆ. ಮೋಕ್ಷಗುರುವನ್ನು ಕುರಿತು ಗ್ರಂಥಗಳುಂಟು. ನಡುವಿನ ಶಿಕ್ಷಾಗುರುವನ್ನು ಕುರಿತು ಮಾತ್ರ ಮಾತು ಕಡಮೆ. ಶಾಸ್ತ್ರದ ದೃಷ್ಟಿಯಲ್ಲಿ ಶಿಕ್ಷಾಗುರುವೆಂದರೆ ದೀಕ್ಷೆ ಪಡೆದವನಿಗೆ ಆಚಾರವನ್ನೂ ತತ್ತ್ವವನ್ನೂ ತಿಳಿಯಹೇಳುವವನು. ನಾಡಿನ ರೂಢಿಯಲ್ಲಿ ಈ ಗೌರವವು ಇನ್ನೂ ಕೆಳಗಿನ ಮೆಟ್ಟಲಿನವರೆಗೆ ಇಳಿದುಬಂದಿದೆ. ಮಠದ ಪಡಸಾಲೆಯಲ್ಲಿ ಮರಳು ಹರಡಿ, ಐದು ವರುಷದ ಕೂಸಿನ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಅಯ್ಯನವರನ್ನೂ ಜನರು ಗುರುವೆಂದೇ ಕರೆದರು. ಊರ ಜಾತ್ರೆಯಲ್ಲಿ ಅವರಿಗೆ ಕಾಯಿ ಕೊಟ್ಟು ನಮಸ್ಕರಿಸಿದರು.

ಕನ್ನಡ ನಾಡಿನ ಉತ್ತರ ಭಾಗದಲ್ಲಿ ಈ ಪರಂಪರೆಗೆ ಮನೆತನದ ಹೆಸರುಗಳೇ ಸಾಕ್ಷಿ ನುಡಿಯುತ್ತವೆ. ಹಿರೇಮಠ, ಪುರಾಣಿಕಮಠ, ಶಾಸ್ತ್ರಿಮಠಗಳ ಸಾಲಿನಲ್ಲಿ ಸಾಲಿಮಠವೆಂಬ ಅಡ್ಡಹೆಸರೂ ಇದೆ. ಸಾಲಿ ಎಂದರೆ ಶಾಲೆ. ಯಾವ ಮಠದವರು ತಲೆತಲಾಂತರದಿಂದ ಊರ ಮಕ್ಕಳಿಗೆ ಓದುಬರಹ ಕಲಿಸಿಕೊಂಡು ಬಂದರೋ ಅವರ ವಂಶಕ್ಕೆ ಆ ಕಾಯಕದ ಹೆಸರೇ ನಿಂತಿತು. ಸರಕಾರದ ಶಾಲೆಗಳು ಬರುವ ಮೊದಲು ಇಂತಹ ಮಠಗಳೂ, ಐಗಳು ನಡೆಸುತ್ತಿದ್ದ ಗಾಂವಠಿ ಶಾಲೆಗಳೂ ಹಳ್ಳಿಗಾಡಿನ ವಿದ್ಯೆಗೆ ಆಧಾರವಾಗಿದ್ದವು.

ಆ ಶಾಲೆಗಳಲ್ಲಿ ಏನನ್ನು, ಹೇಗೆ ಕಲಿಸುತ್ತಿದ್ದರು? ಅವುಗಳ ನೆನಪನ್ನು ಕೆಲವರು ಸುವರ್ಣಯುಗವೆಂದು ಹೊಗಳುತ್ತಾರೆ. ಕೆಲವರು ಬೆತ್ತದ ಏಟಿನ ಕತ್ತಲೆಯೆಂದು ಹಳಿಯುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ವಚನಗಳನ್ನು ಮಕ್ಕಳಿಗೆ ಕಲಿಸಬೇಕೆಂಬ ಹಂಬಲವಿರುವ ಗೃಹಸ್ಥರು ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸುವುದು ಅವಶ್ಯ. ಏಕೆಂದರೆ ಇಂದು ಮನೆಗಳಲ್ಲಿ ವಚನಗಳನ್ನು ಕಲಿಸುತ್ತಿರುವ ಕ್ರಮವು ಬಹುಮಟ್ಟಿಗೆ ಆ ಹಳೆಯ ಸಾಲಿಯಿಂದಲೇ ಬಂದದ್ದು.

ಮಾನ್ವಿಯ ಸೀಮೆಯನ್ನು ತೆಗೆದುಕೊಳ್ಳೋಣ. ಈ ತಾಲ್ಲೂಕಿನ ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತಾಳೆ. ಹೊಳೆಯ ಈಚೆಯ ದಂಡೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಚೆಯ ದಂಡೆ 1800ರಲ್ಲಿಯೇ ಇಂಗ್ಲಿಷರ ಕೈಸೇರಿ ಬಳ್ಳಾರಿ ಜಿಲ್ಲೆಯಾಯಿತು. ಆಳುವವರು ಬೇರೆಯಾದರೂ ಜನ ಒಂದೇ. ನೆಂಟಸ್ತಿಕೆ, ಸಂತೆ, ಜಾತ್ರೆ, ಮಠದ ನಡೆನುಡಿಗಳಲ್ಲಿ ಹೊಳೆ ಅಡ್ಡ ಬಂದುದಿಲ್ಲ. ಆದಕಾರಣ ಆಚೆಯ ದಂಡೆಯ ಶಾಲೆಗಳ ವರ್ಣನೆಯು ಈಚೆಯ ದಂಡೆಯ ಶಾಲೆಗಳ ಚಿತ್ರವನ್ನೂ ಬಹುಮಟ್ಟಿಗೆ ಕೊಡುತ್ತದೆ.

ಅಂತಹ ಒಂದು ವರ್ಣನೆ ಉಳಿದಿದೆ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತದ ದೇಶೀಯ ಶಾಲೆಗಳ ಸ್ಥಿತಿಗತಿಯನ್ನು ವಿಚಾರಿಸಿ ತಿಳಿಸಬೇಕೆಂದು ಎಲ್ಲ ಕಲೆಕ್ಟರರಿಗೂ ಅಪ್ಪಣೆ ಮಾಡಿದನು. ಅನೇಕರು ಲೆಕ್ಕದ ಪಟ್ಟಿಗಳನ್ನು ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್ಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ಶಾಲೆಯ ಒಳಗಿನ ಬಾಳನ್ನೇ ಕಣ್ಣಿಗೆ ಕಟ್ಟುವಂತೆ ಬರೆದು ಕಳುಹಿಸಿದನು. ಅವನ ಲೆಕ್ಕದಂತೆ ಒಂಬತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಕನ್ನಡದ ಶಾಲೆಗಳು 235. ಆಗ ಆದವಾನಿ, ಅನಂತಪುರದ ಕಡೆಯ ಪ್ರದೇಶವೂ ಅದೇ ಜಿಲ್ಲೆಗೆ ಸೇರಿದ್ದುದರಿಂದ ತೆಲುಗಿನವು 226. ಉಳಿದವುಗಳಲ್ಲಿ ಮರಾಠಿ, ಪಾರಸಿ, ತಮಿಳಿನವೂ ಇದ್ದವು. ಇಂಗ್ಲಿಷಿನದು ಒಂದೇ ಒಂದು. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಜನಸಂಖ್ಯೆಯ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು.

ಮಗುವಿಗೆ ಐದು ವರುಷ ತುಂಬಿದಾಗ ಅಯ್ಯನವರೂ ಶಾಲೆಯ ಮಕ್ಕಳೂ ಆ ಮನೆಗೆ ಬರುತ್ತಿದ್ದರು. ಗಣಪತಿಯ ಮುಂದೆ ಎಲ್ಲರೂ ಸುತ್ತುಗಟ್ಟಿ ಕುಳಿತು, ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯಿಸುತ್ತಿದ್ದರು. ಮರುದಿನದಿಂದ ಶಾಲೆ. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ. ಅದು ಕೈಗೂಡಿದ ಮೇಲೆ ಹಲಗೆ ಅಥವಾ ಕಡತದ ಮೇಲೆ ಬಳಪದಿಂದ ಬರೆಹ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ಅದಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಸವರಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿಯಲ್ಲಿ ಅದ್ದಿ ಗಡಸು ಮಾಡಿದ ಬಟ್ಟೆಯನ್ನು ಪುಸ್ತಕದ ಮಡಿಕೆಗಳಂತೆ ಮಡಚಿ, ಮೇಲೆ ಇದ್ದಿಲು ಅಂಟುಗಳ ಲೇಪ ಕೊಟ್ಟದ್ದು. ಒದ್ದೆಯ ಬಟ್ಟೆಯಿಂದ ಒರಸಿದರೆ ಬರೆದುದೆಲ್ಲ ಮಾಯ. ಮತ್ತೆ ಹೊಸದಾಗಿ ಬರೆಯಬಹುದು. ಕಛೇರಿಗಳಲ್ಲಿ ಇಂದು ಕಡತವೆಂಬ ಮಾತು ಎಷ್ಟು ಒರಸಿದರೂ ಅಳಿಯದ ಕಾಗದದ ಕಟ್ಟಿಗೆ ನಿಂತಿರುವುದು ಒಂದು ವಿನೋದವೇ ಸರಿ.

ಬೆಳಗಿನ ಆರು ಗಂಟೆಗೆ ಶಾಲೆ ಕೂಡುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಮರ್ಯಾದೆಗಾಗಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಛಡಿಯೇಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಹಾಗೆ ಒಂದೊಂದು ಹೆಚ್ಚು. ಸೋಮಾರಿಗಳಿಗೆ ಬಸ್ಕಿ, ಕೆಲವೊಮ್ಮೆ ಎರಡೂ ಕೈಗಳನ್ನು ಕಟ್ಟಿ ತೊಲೆಗೆ ತೂಗುಹಾಕುವುದೂ ಇತ್ತು. ಕೋದಂಡವೆಂಬ ಈ ಶಿಕ್ಷೆಯ ಹೆಸರನ್ನು ಹಳಬರು ಬಹುಕಾಲ ಮರೆತಿರಲಿಲ್ಲ. ಇಂತಹ ಕ್ರೌರ್ಯವನ್ನು ಶಿಸ್ತಿನ ಹೆಸರಿನಲ್ಲಿ ಸಮರ್ಥಿಸುವುದು ದಯೆಯನ್ನೇ ಧರ್ಮದ ಬೇರೆಂದು ಸಾರಿದ ಶರಣರ ಅನುಯಾಯಿಗಳಿಗೆ ಶೋಭಿಸದು.

ಆದರೂ ಆ ಪಾಠಕ್ರಮದಲ್ಲಿ ಮೆಚ್ಚತಕ್ಕ ಅಂಶಗಳು ಅನೇಕ. ಅಕ್ಷರವನ್ನು ಕಣ್ಣಿಗೆ ತೋರಿಸಿ ಬಿಡುತ್ತಿರಲಿಲ್ಲ. ಬೆರಳು ತಿದ್ದಿಯೇ ಅದನ್ನು ಕಲಿಯಬೇಕಾಗಿತ್ತು. ಅಕ್ಷರ, ಗುಣಿತ, ಒತ್ತಕ್ಷರ, ಆಮೇಲೆ ಜನರ ಹೆಸರು, ಊರಿನ ಹೆಸರು, ಪ್ರಾಣಿಗಳ ಹೆಸರು, ಆಮೇಲೆ ಅಂಕಿ, ಮಗ್ಗಿ ಎಂಬ ಮೆಟ್ಟಲುಗಳಿದ್ದವು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಕೆಳಗಿನ ವರ್ಗಗಳನ್ನು ಹಿರಿಯ ವಿದ್ಯಾರ್ಥಿಗಳ ವಶಕ್ಕೆ ಕೊಡುತ್ತಿದ್ದರು. ಅಯ್ಯನವರು ಮೇಲಿನ ವರ್ಗದವರನ್ನು ಸ್ವತಃ ನೋಡಿಕೊಳ್ಳುತ್ತಿದ್ದರು. ಕಿರಿಯರಿಗೆ ಹೇಳಿಕೊಡುವಾಗ ಹಿರಿಯ ಹುಡುಗನ ಸ್ವಂತ ಪಾಠವೂ ಗಟ್ಟಿಯಾಗುತ್ತಿತ್ತು. ಈ ಎರಡು ಉಪಾಯಗಳು, ಮರಳಿನ ಬರೆಹ ಮತ್ತು ಹಿರಿಯರಿಂದ ಕಿರಿಯರಿಗೆ ಪಾಠ, ಹಡಗು ಹತ್ತಿ ಇಂಗ್ಲೆಂಡಿಗೂ ಹೋದವು. ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇವುಗಳನ್ನು ಅಲ್ಲಿ ಬಳಕೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಆ ದೇಶದ ಬಡಮಕ್ಕಳ ಶಾಲೆಗಳಲ್ಲಿ ಅದು ಮದರಾಸು ಪದ್ಧತಿಯೆಂದೇ ಹೆಸರಾಯಿತು. ಇಲ್ಲಿನ ಕ್ರಮವು ಅಲ್ಲಿನ ಅನುಕರಣೆಗೆ ಪಾತ್ರವಾದುದು ಯೋಗ್ಯವೇ ಎಂದು ಕ್ಯಾಂಪ್ಬೆಲ್ಲನೂ ಒಪ್ಪಿದ್ದಾನೆ.

ಇನ್ನೊಂದು ವಿಶೇಷವುಂಟು. ಅಯ್ಯನವರು ಬೇರೆ ಬೇರೆ ಕೈಬರೆಹದ ಕಾಗದಪತ್ರಗಳನ್ನು ಅಲ್ಲಿ ಇಲ್ಲಿ ಸಂಗ್ರಹಿಸಿ ತಂದು ಮಕ್ಕಳಿಂದ ಓದಿಸುತ್ತಿದ್ದರು. ಪತ್ರ ಬರೆಯುವುದನ್ನು, ಕರಾರುಪತ್ರದ ಒಕ್ಕಣೆಯನ್ನು ಕಲಿಸುತ್ತಿದ್ದರು. ಸಾಲಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಒಕ್ಕಲಿಗನ ಮಗ ಸಾಹುಕಾರನ ಪತ್ರವನ್ನು ತಾನೇ ಓದಬಲ್ಲವನಾಗುವುದು ಸಣ್ಣ ಮಾತಲ್ಲ. ಇದಕ್ಕೆಲ್ಲ ತಿಂಗಳಿಗೆ ಪ್ರತಿ ಹುಡುಗನಿಂದ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಮಟ್ಟಕ್ಕೆ ಬಂದಾಗ ಅರ್ಧ ರೂಪಾಯಿ. ಆ ಕಾಲು ರೂಪಾಯಿಗೂ ಗತಿಯಿಲ್ಲದೆ ಅನೇಕರು ಮಕ್ಕಳನ್ನು ಬಿಡಿಸಿಕೊಂಡರು. ಇಂಗ್ಲೆಂಡಿನ ಹತ್ತಿಯ ಬಟ್ಟೆ ಬಂದು ನೇಕಾರರು ಕಸುಬು ಕಳೆದುಕೊಂಡುದರಿಂದಲೂ, ಅರಸರ ಆಶ್ರಯ ತಪ್ಪಿದುದರಿಂದಲೂ ಶಾಲೆಗಳಿದ್ದ ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲವೆಂದು ಆ ಕಲೆಕ್ಟರನೇ ತನ್ನ ಸರಕಾರಕ್ಕೆ ಮುಚ್ಚುಮರೆಯಿಲ್ಲದೆ ಬರೆದನು.

ಇನ್ನು ಪುಸ್ತಕಗಳ ವಿಷಯ. ಎಲ್ಲ ಜಾತಿಯವರ ಮಕ್ಕಳೂ ರಾಮಾಯಣ, ಭಾರತ, ಭಾಗವತಗಳನ್ನು ಓದುತ್ತಿದ್ದರು. ಲಿಂಗವಂತರ ಮಕ್ಕಳಿಗೆ ಅವುಗಳ ಜೊತೆಗೆ ಸ್ವಮತದ ಗ್ರಂಥಗಳಿದ್ದವು. ಕಲೆಕ್ಟರನ ವರದಿಯಲ್ಲಿ ಆ ಹೆಸರುಗಳು ಇಂಗ್ಲಿಷ್ ಬರೆಹಕ್ಕೆ ಸಿಕ್ಕಿ ರೂಪಗೆಟ್ಟಿವೆ. ಆದರೂ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವೇಶ್ವರ ಪುರಾಣ ಇವುಗಳನ್ನು ಗುರುತು ಹಿಡಿಯಬಹುದು. ವ್ಯಾಕರಣಕ್ಕೆ ಶಬ್ದಮಣಿದರ್ಪಣ, ಕೋಶಕ್ಕೆ ಅಮರ. ಹಳ್ಳಿಯ ಶಾಲೆಯೊಂದು ಕೇಶಿರಾಜನ ಹೆಸರನ್ನು ಬಲ್ಲುದೆಂಬುದು ಹೆಮ್ಮೆಯ ಮಾತು. ಆದರೆ ಆ ಗ್ರಂಥಗಳು ಬಹಳ ಶಾಲೆಗಳಲ್ಲಿ ದೊರೆಯುತ್ತಲೇ ಇರಲಿಲ್ಲ.

ಈ ಪಟ್ಟಿಯಲ್ಲಿ ಗುರುತು ಹಿಡಿಯಬಹುದಾದ ಹೆಸರುಗಳನ್ನೆಲ್ಲ ನೋಡಿದರೂ ಒಂದು ವಚನಸಂಕಲನವೂ ಕಾಣುವುದಿಲ್ಲ. ಶಿವಶರಣರ ಕಥೆಗಳು ಷಟ್ಪದಿಗಳ ಮೂಲಕ ಮಕ್ಕಳ ಬಾಯಿಗೆ ಬಂದವು. ಶರಣರ ಸ್ವಂತ ಮಾತು ಬರಲಿಲ್ಲ. ಅದು ಮಠಗಳ ತಾಡವೋಲೆಯ ಕಟ್ಟುಗಳಲ್ಲಿ, ನಿತ್ಯಪಾಠದ ಹಿರಿಯರ ಕಂಠದಲ್ಲಿ, ಮನೆಗಳ ಪೂಜೆಯ ಗೂಡುಗಳಲ್ಲಿ ಉಳಿಯಿತು. ರಾವಬಹಾದ್ದೂರ ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಮನೆಮನೆ ತಿರುಗಿ ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅಲ್ಲಿಂದಾಚೆಗೆ ಸಾಮಾನ್ಯ ಗೃಹಸ್ಥನ ಕೈಗೆ ವಚನಗಳು ಪುಸ್ತಕವಾಗಿ ನಿಲುಕತೊಡಗಿದವು. ಕ್ಯಾಂಪ್ಬೆಲ್ಲನ ವರದಿಗೂ ಹಳಕಟ್ಟಿಯವರ ಗ್ರಂಥಕ್ಕೂ ನಡುವೆ ಸರಿಯಾಗಿ ನೂರು ವರ್ಷ.

ಪುರಾಣಗಳನ್ನು ಮಕ್ಕಳು ಹೇಗೆ ಓದುತ್ತಿದ್ದರು? ಪದ್ಯಗಳನ್ನು ನೂರುಗಟ್ಟಲೆ ಬಾಯಿಪಾಠ ಮಾಡುತ್ತಿದ್ದರು. ಉಚ್ಚಾರ ಸ್ಫುಟವಾಗಲಿ, ಓದು ತಡೆಯಿಲ್ಲದೆ ಸಾಗಲಿ ಎಂಬುದೇ ಮುಖ್ಯ ಉದ್ದೇಶ. ಪದ್ಯದ ಭಾಷೆ ಆಡುಮಾತಿಗಿಂತ ದೂರ. ಅರ್ಥ ಹೇಳಬಲ್ಲ ಅಯ್ಯನವರು ವಿರಳ. ಮಗ ಲೆಕ್ಕಪತ್ರ ಓದಿದರೆ ಸಾಕೆನ್ನುವ ತಂದೆತಾಯಿಗಳು ಹೆಚ್ಚು. ಹೀಗಾಗಿ ಶಾಲೆಯ ಪ್ರತಿಯೊಬ್ಬ ಹುಡುಗನೂ ಅಸಂಖ್ಯ ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುವನಾದರೂ, ಅವುಗಳ ಅರ್ಥದ ಬಗೆಗೆ ಮಾತು ಕಲಿತ ಗಿಳಿಗಿರುವಷ್ಟೇ ತಿಳಿವಳಿಕೆ ಅವನಿಗಿರುವುದೆಂದು ಕಲೆಕ್ಟರನು ಬರೆದನು.

ಪರದೇಶದ ಅಧಿಕಾರಿಯೊಬ್ಬನ ಕಟಕಿಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಅವನು ಹುಟ್ಟುವುದಕ್ಕೆ ಆರು ಶತಮಾನಗಳಷ್ಟು ಹಿಂದೆಯೇ ಬಸವಣ್ಣನವರು ಇದೇ ಗಿಳಿಯನ್ನು ಒಂದು ವಚನದಲ್ಲಿ ತಂದಿದ್ದಾರೆ. ಗಿಳಿ ಓದಬಲ್ಲುದು, ಆದರೆ ತನ್ನನ್ನು ಹಿಡಿಯಲು ಬೆಕ್ಕು ಬರುತ್ತಿರುವುದು ಅದಕ್ಕೆ ಗೊತ್ತಾಗದು ಎಂಬುದು ಅಲ್ಲಿನ ಭಾವ. ಇಬ್ಬರ ಗಿಳಿಯೂ ಒಂದೇ. ಆದರೆ ನೋಟ ಬೇರೆ. ಗಿಳಿಗೆ ಅರ್ಥ ತಿಳಿಯದೆಂಬುದು ಕಲೆಕ್ಟರನ ಆಕ್ಷೇಪ. ಬಸವಣ್ಣನವರು ಅಷ್ಟಕ್ಕೆ ನಿಲ್ಲುವುದಿಲ್ಲ. ಓದಿದ ಓದು ಅಪಾಯ ಬಂದಾಗ ಕಾಯಲಿಲ್ಲವೆಂಬುದು ಅವರ ದುಃಖ. ನಿಘಂಟು ನೋಡಿ ಅರ್ಥ ಹೇಳಿದ ಮಾತ್ರಕ್ಕೆ ಕಲೆಕ್ಟರನ ಪರೀಕ್ಷೆಯಲ್ಲಿ ಹುಡುಗನು ಗೆದ್ದಾನು. ಬಸವಣ್ಣನವರ ಪರೀಕ್ಷೆಯಲ್ಲಿ ಗೆಲ್ಲುವುದಕ್ಕೆ ಅದು ಸಾಲದು. ವಿಪರ್ಯಾಸವೆಂದರೆ, ಈ ಎಚ್ಚರಿಕೆಯನ್ನು ಕೊಟ್ಟ ವಚನವೇ ಆ ಶಾಲೆಗಳ ಪಾಠದಲ್ಲಿರಲಿಲ್ಲ. ಇಂದು ಅದು ಎಲ್ಲ ಸಂಕಲನಗಳಲ್ಲೂ ಇದೆ; ಬಸವಜಯಂತಿಯ ಸ್ಪರ್ಧೆಗಳಲ್ಲಿ ಅದನ್ನೂ ಉಳಿದ ವಚನಗಳ ಜೊತೆಗೆ ಉಸಿರು ತೆಗೆಯದೆ ಒಪ್ಪಿಸುವ ಮಕ್ಕಳಿದ್ದಾರೆ. ಗಿಳಿಯನ್ನು ಕುರಿತ ವಚನವನ್ನು ಗಿಳಿಯಂತೆ ಒಪ್ಪಿಸಿದ ಮಗುವಿಗೆ ಬಹುಮಾನ ಕೊಡುವ ಹಿರಿಯರು ತಾವು ಏನು ಮಾಡುತ್ತಿದ್ದೇವೆಂದು ಒಂದು ಕ್ಷಣ ಯೋಚಿಸಬೇಕು.

ಹಾಗಾದರೆ ಬಾಯಿಪಾಠವೇ ಬೇಡವೆ? ಹಾಗೆ ಹೇಳುವುದು ದುಡುಕು. ಹೊಳೆಯ ಈಚೆಯ ದಂಡೆಯ ಇತಿಹಾಸವೇ ಅದಕ್ಕೆ ಉತ್ತರ ಕೊಡುತ್ತದೆ. ಹೈದರಾಬಾದು ಸಂಸ್ಥಾನದಲ್ಲಿ ಕಛೇರಿಯ ಭಾಷೆ ಮೊದಲು ಪಾರಸಿಯಾಗಿದ್ದು, ಆಮೇಲೆ ಉರ್ದುವಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉಚ್ಚ ಶಿಕ್ಷಣವನ್ನು ಉರ್ದುವಿನಲ್ಲಿ ಕೊಟ್ಟಿತು. ದೇಶಭಾಷೆಯೊಂದರಲ್ಲಿ ವಿಜ್ಞಾನವನ್ನೂ ವೈದ್ಯವನ್ನೂ ಕಲಿಸಲು ಮುಂದಾದ ಆ ಸಾಹಸ ಸ್ತುತ್ಯವಾದದ್ದೇ; ಆದರೆ ಮಾನ್ವಿ, ದೇವದುರ್ಗಗಳ ಕೂಸುಗಳಿಗೆ ಅದು ಮನೆಯ ಮಾತಾಗಿರಲಿಲ್ಲ. ಕನ್ನಡದಲ್ಲಿ ಮುಂದೆ ಓದಲು ದಾರಿ ಕಿರಿದಾಗಿದ್ದ ಆ ದಶಕಗಳಲ್ಲಿ ಮಠದ ಪುರಾಣ, ಭಜನೆಯ ಮೇಳ, ಗಾಂವಠಿ ಶಾಲೆಯ ಬಾಯಿಪಾಠ ಇವುಗಳೇ ಕನ್ನಡದ ಸೊಲ್ಲನ್ನು ಕಾಯ್ದವು. ಪುಸ್ತಕವನ್ನು ಕಿತ್ತುಕೊಳ್ಳಬಹುದು, ಕಂಠದಲ್ಲಿದ್ದುದನ್ನು ಕಿತ್ತುಕೊಳ್ಳಲಾಗದು. 1948ರ ಸೆಪ್ಟೆಂಬರ 17ರಂದು ಆ ಆಳ್ವಿಕೆ ಮುಗಿದು, 1956ರ ನವೆಂಬರ 1ರಂದು ರಾಯಚೂರು ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿದಾಗ ಇಲ್ಲಿನ ಜನರ ಬಾಯಲ್ಲಿ ಕನ್ನಡ ತುಂಬಿಕೊಂಡೇ ಇತ್ತು.

ಮಾನ್ವಿಯು ಪಾಂಡಿತ್ಯಕ್ಕೂ ಜನದ ಮಾತಿಗೂ ನಡುವಣ ತಿಕ್ಕಾಟವನ್ನು ಇನ್ನೊಂದು ಬಗೆಯಲ್ಲಿಯೂ ಕಂಡ ಊರು. ಹರಿದಾಸ ಪರಂಪರೆಯ ಜಗನ್ನಾಥದಾಸರು ಇದೇ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿ, ಮಾನ್ವಿಯಲ್ಲಿ ಬಾಳಿದವರು. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು, ಪಾಠಪ್ರವಚನಗಳಲ್ಲಿ ನಿಪುಣರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರನ್ನು, ಪಕ್ಕದ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರನ್ನೂ ಕೂಡ, ಅವರು ಹಗುರವಾಗಿ ಕಂಡರೆಂದೂ, ಕಡುರೋಗದಿಂದ ನೊಂದು ಮನಸ್ಸು ತಿರುಗಿದ ಮೇಲೆ ಕನ್ನಡಕ್ಕೆ ಒಲಿದರೆಂದೂ ದಾಸಪಂಥದವರು ಹೇಳುತ್ತಾರೆ. ಅನಂತರ ಅವರು ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದರು. ಪಾಠಶಾಲೆಯ ಮೆಟ್ಟಲು ಹತ್ತಲು ಅವಕಾಶವಿಲ್ಲದ ಹೆಂಗಸರೂ ಅದನ್ನು ಕಂಠಸ್ಥ ಮಾಡಿಕೊಂಡು ತತ್ತ್ವವನ್ನು ಬಲ್ಲವರಾದರು. ಮತ ಬೇರೆಯಾದರೂ ಈ ದೃಷ್ಟಾಂತವು ಲಿಂಗವಂತರಿಗೂ ಪಾಠವೇ. ದೇವಭಾಷೆಯ ಗೋಡೆಯನ್ನು ದಾಟಿ ತತ್ತ್ವವನ್ನು ಆಡುಮಾತಿಗೆ ಇಳಿಸಿದ ಕಾರ್ಯವನ್ನು ಕಲ್ಯಾಣದ ಶರಣರು ಅದಕ್ಕೂ ಆರು ನೂರು ವರ್ಷ ಮೊದಲೇ ಮಾಡಿದ್ದರು. ಆದರೆ ಶರಣರ ಮಾತನ್ನು ಮನೆಯ ಹೆಂಗಸರ ಬಾಯಿಗೆ ತರುವ ಕೆಲಸದಲ್ಲಿ ಶರಣರ ಮಕ್ಕಳು ಮುಂದಿದ್ದರೆಂದು ಎದೆತಟ್ಟಿ ಹೇಳುವುದು ಕಷ್ಟ.

ಈ ಕೊರತೆಯನ್ನು ಅಂಕಿಗಳೇ ತೋರಿಸುತ್ತವೆ. ಕ್ಯಾಂಪ್ಬೆಲ್ಲನು ಎಣಿಸಿದ 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60. ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಮಿಕ್ಕಿ ವಚನಕಾರ್ತಿಯರು ಮಾತನಾಡಿದ ನಾಡು ಇದು. ಅಲ್ಲಮಪ್ರಭುವಿನ ಮುಂದೆ ಅಂಜದೆ ನಿಂತು ಉತ್ತರ ಕೊಟ್ಟ ಅಕ್ಕಮಹಾದೇವಿಯ ನಾಡು ಇದು. ಅಲ್ಲಿ 1823ರ ಹೊತ್ತಿಗೆ ಮರಳಿನ ಮೇಲೆ ಬೆರಳಿಡಲು ನೂರಕ್ಕೆ ಒಬ್ಬ ಹುಡುಗಿಯೂ ಬರುತ್ತಿರಲಿಲ್ಲ. ಪಾಪವನ್ನೆಲ್ಲ ಗತಕಾಲದ ಮೇಲೆ ಹೊರಿಸಿ ಸುಮ್ಮನಾಗುವಂತೆಯೂ ಇಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದಾಗ ರಾಯಚೂರು ಜಿಲ್ಲೆಯದು 60ನ್ನು ಮುಟ್ಟಲಿಲ್ಲ. ಜಿಲ್ಲೆಯ ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೂ ಓದುಬರಹ ಬರುತ್ತಿರಲಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ, ನಾಟಿಯ ಕಾಲದಲ್ಲಿ ಶಾಲೆಯಿಂದ ಮೊದಲು ಬಿಡಿಸಿಕೊಳ್ಳುವುದು ಯಾರನ್ನೆಂಬುದು ಪ್ರತಿಯೊಂದು ಮನೆಗೂ ಗೊತ್ತು.

ಈಗ ಶರಣರ ಸ್ವಂತ ಪಾಠಕ್ರಮವನ್ನು ನೋಡಬೇಕು. ಅನುಭವಮಂಟಪದ ಗೋಷ್ಠಿಯನ್ನು ಚಿತ್ರಿಸುವ ಶೂನ್ಯಸಂಪಾದನೆಯನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದರು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದುದೇ ಆ ಗ್ರಂಥದ ವೈಶಿಷ್ಟ್ಯ. ಅಲ್ಲಿ ಯಾರೂ ಸುಮ್ಮನೆ ಕೇಳಿ ತಲೆಯಾಡಿಸುವುದಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ತಡೆ ಹಾಕುತ್ತಾರೆ. ತಡೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿದ್ದ ಮುಕ್ತಾಯಕ್ಕನು ಪ್ರಭುದೇವರ ಸಮಾಧಾನವನ್ನು ಒಡನೆ ಒಪ್ಪಿಕೊಳ್ಳುವುದಿಲ್ಲ. ಅವರ ಮಾತನ್ನೇ ಒರೆಗೆ ಹಚ್ಚುತ್ತಾಳೆ. ಪ್ರಭುದೇವರು ಅದರಿಂದ ಕೋಪಗೊಳ್ಳುವುದೂ ಇಲ್ಲ. ಸಾಲಿಮಠದಲ್ಲಿ ಇಂತಹ ಪ್ರಶ್ನೆಗೆ ಛಡಿಯೇಟು ಬೀಳುತ್ತಿತ್ತು. ಕಲ್ಯಾಣದಲ್ಲಿ ಅದಕ್ಕೆ ಆಸನ ಸಿಕ್ಕಿತು.

ಮಾನ್ವಿಯ ಪಶ್ಚಿಮಕ್ಕೆ ಲಿಂಗಸುಗೂರು ತಾಲ್ಲೂಕಿನಲ್ಲಿ ಅಮರೇಶ್ವರವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಆ ಊರಿನವರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಶರಣರ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕುವುದು ಮಾರಯ್ಯನ ಕಾಯಕ. ಒಂದು ದಿನ ಗೋಷ್ಠಿಯ ಸವಿಯಲ್ಲಿ ಮೈಮರೆತು ಕುಳಿತಿದ್ದ ಗಂಡನಿಗೆ ಕಾಯಕ ನಿಂತಿತೆಂದು ಲಕ್ಕಮ್ಮನು ನೆನಪು ಕೊಡುತ್ತಾಳೆ. ಅವನು ಅವಸರದಿಂದ ಹೋಗಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರುತ್ತಾನೆ. ಗಂಟನ್ನು ಕಂಡ ಲಕ್ಕಮ್ಮನು ಇದು ನಮ್ಮ ದಿನದ ಅಳತೆಗಿಂತ ಮಿಗಿಲು, ಈ ಆಸೆ ಅರಸರಿಗಿರಲಿ, ಶರಣರಿಗೆ ಸಲ್ಲದು ಎಂದು ಹೇಳಿ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸುತ್ತಾಳೆ. ಇಲ್ಲಿ ಗುರು ಯಾರು, ಶಿಷ್ಯ ಯಾರು? ಹೆಂಡತಿ ಕಲಿಸಿದಳು, ಗಂಡ ಕಲಿತನು. ಕಲಿತುದನ್ನು ಬಾಯಿಂದ ಒಪ್ಪಿಸಲಿಲ್ಲ, ಕಾಲು ನಡೆಸಿ ಒಪ್ಪಿಸಿದನು.

ಹಳೆಯ ಸಾಲಿಯ ಗುಣವನ್ನೂ ಕಲ್ಯಾಣದ ಈ ಕ್ರಮವನ್ನೂ ಒಂದುಗೂಡಿಸಲು ದೊಡ್ಡ ಏರ್ಪಾಟು ಬೇಕಿಲ್ಲ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳಿಗೆ ಸಂಸ್ಕೃತ, ಸಂಗೀತ, ಯೋಗ, ಶಾಸ್ತ್ರಗಳ ಪಾಠವನ್ನು ವ್ಯವಸ್ಥೆಗೊಳಿಸಿದರು. ಅಂತಹ ಮಹಾಕಾರ್ಯ ಮಠಗಳಿಂದ ಆಗತಕ್ಕದ್ದು. ಗೃಹಸ್ಥನ ಪಡಸಾಲೆಯಲ್ಲಿ ಆಗತಕ್ಕದ್ದು ಬೇರೆ. ಮಗುವು ವಚನವನ್ನು ಮೊದಲು ಹಿರಿಯರ ಬಾಯಿಂದ ಕೇಳಲಿ, ಏಕೆಂದರೆ ವಚನದ ನಿಲುಗಡೆ, ಒತ್ತು, ಕೊಂಕು ಅಚ್ಚಿನ ಪುಟದಲ್ಲಿ ಪೂರ್ತಿ ಕಾಣಿಸವು. ಅನಂತರ ತನ್ನ ಕೈಯಿಂದ ಬರೆಯಲಿ. ಇಷ್ಟರ ಮಟ್ಟಿಗೆ ಸಾಲಿಮಠದ ಅಯ್ಯನವರೇ ಸರಿ. ವಾರಕ್ಕೆ ಹತ್ತು ವಚನಗಳಿಗಿಂತ ಹದಿನೈದು ದಿನಕ್ಕೆ ಒಂದು ಮೇಲು. ಅಕ್ಕನು ತಮ್ಮನಿಗೆ ಹೇಳಿಕೊಡಲಿ. ಹುಡುಗಿಯೇ ಹೇಳಿಕೊಡುವವಳಾಗುವುದು ಇನ್ನೂ ಲೇಸು, 60ರ ಆ ಲೆಕ್ಕದ ಬಾಕಿ ತೀರಬೇಕಾದರೆ. ಅರ್ಥವನ್ನು ಹಿರಿಯರು ಒಂದೇ ಸಲಕ್ಕೆ ಹೇಳಿ ಮುಗಿಸಬಾರದು. ಬಾಯಿಪಾಠವು ಕಲ್ಲಿನ ಬರೆಹದಂತೆ ಉಳಿಯಲಿ, ಅರ್ಥವು ಕಡತದ ಬರೆಹದಂತಿರಲಿ: ಎಂಟು ವರುಷದಲ್ಲಿ ಬರೆದುಕೊಂಡ ಅರ್ಥವನ್ನು ಹದಿನಾರರಲ್ಲಿ ಒರಸಿ ಬರೆಯಬೇಕಾದೀತು, ನಲವತ್ತರಲ್ಲಿ ಮತ್ತೊಮ್ಮೆ.

ಪ್ರಶ್ನೆಯನ್ನು ಮಗುವೇ ಕೇಳಲಿ. ಮೊದಮೊದಲು ಅದು ಕೇಳದು. ಹಿರಿಯರು ಕೇಳಿ ದಾರಿ ತೋರಬೇಕು. ಪ್ರಶ್ನೆಯು ಪದದ ಅರ್ಥವನ್ನಷ್ಟೇ ಕೇಳಿದರೆ ಕಲೆಕ್ಟರನ ಮಟ್ಟದಲ್ಲಿಯೇ ನಿಂತಂತಾಯಿತು. ತಂದೆಯಾದವನಿಗೆ ಇರುಸುಮುರುಸಾಗುವ ಪ್ರಶ್ನೆಯೂ ಬಂದೀತು. ಮನೆಯಲ್ಲಿ ಕಾಯಕದ ವಚನ ಹೇಳಿಸಿ, ಹೊಲದ ಆಳಿಗೆ ಕೂಲಿ ತಡಮಾಡಿದರೆ ಮಗು ಅದನ್ನು ಕೇಳಿಯೇ ಕೇಳೀತು. ಆಗ ಗದರಿಸಿ ಕೂಡಿಸಿದವನು ಅಂದಿನಿಂದ ಮಗುವಿಗೆ ಗಿಳಿಪಾಠವನ್ನೇ ಕಲಿಸಿದಂತೆ. ಉತ್ತರ ಕೊಡಲಾಗದಿದ್ದರೆ ಸಂಜೆಗೆ ಕೂಲಿಯನ್ನು ಮುಟ್ಟಿಸಿ ಬರುವುದು ಎಲ್ಲ ವ್ಯಾಖ್ಯಾನಗಳಿಗಿಂತ ಒಳ್ಳೆಯ ಉತ್ತರ.

ಲಕ್ಕಮ್ಮನ ಪ್ರಸಂಗವನ್ನು ಮಾನ್ವಿಯ ಮಕ್ಕಳಿಗೆ ಹೇಳುವುದಂತೂ ಸುಲಭ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಜೋಳದ ಈ ಸೀಮೆ ಬತ್ತದ ಸೀಮೆಯೂ ಆಯಿತು. ಅಕ್ಕಿಯ ಗಿರಣಿಗಳ ಅಂಗಳದಲ್ಲಿ ಕಾಳು ಚೆಲ್ಲುವುದನ್ನೂ, ಅದನ್ನು ಗುಡಿಸಿ ಆಯುವ ಹೆಂಗಸರನ್ನೂ ಇಲ್ಲಿನ ಮಗು ಕಣ್ಣಾರೆ ಕಂಡಿರುತ್ತದೆ. ಕಥೆ ಹೇಳಿ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಗಂಟು ಎಂದಿಗಿಂತ ಹೆಚ್ಚಾಗಿದೆಯೆಂದು ಲಕ್ಕಮ್ಮನಿಗೆ ಹೇಗೆ ತಿಳಿಯಿತು? ತಕ್ಕಡಿಯಿಂದ ಎಂದು ಕೆಲವು ಮಕ್ಕಳು ಹೇಳಬಹುದು. ಹೇಳಲಿ. ಆಮೇಲೆ ಮನೆಯ ಅಕ್ಕಿಯ ಡಬ್ಬಿಯನ್ನು ತಂದು, ಈ ಮನೆಯ ನಾಲ್ಕು ಜನಕ್ಕೆ ಒಂದು ಹೊತ್ತಿಗೆ ಎಷ್ಟು ಬೇಕೆಂದು ಮಗುವಿನ ಕೈಯಿಂದಲೇ ಅಳೆಯಿಸಿ ನೋಡಬೇಕು.